ಹೈಬ್ರಿಡ್ ಸೈಕಲ್ಲಿಗೆ ಬುಲ್‌ಹಾರ್ನ್ ಹ್ಯಾಂಡಲ್ ಹಾಕಿಸಬೇಕು ಅಂತಿದ್ದೇನೆ, ಯಾವುದು ತಗೊಳ್ಳಲಿ?

ಬೆಳಗಿನಸವಾರ
ಎಲ್ಲರಿಗೂ ನಮಸ್ಕಾರ. ಬನಶಂಕರಿಯಿಂದ ಹೆಬ್ಬಾಳದ ಆಚೆ ಇರುವ ಆಫೀಸಿಗೆ ವಾರದಲ್ಲಿ ಮೂರ್ನಾಲ್ಕು ದಿನ ಸೈಕಲ್‌ನಲ್ಲೇ ಹೋಗುತ್ತೇನೆ. ಹೈಬ್ರಿಡ್ ಗಾಡಿ, ನೇರ ಹ್ಯಾಂಡಲ್, ಮುಂದೆ 3 ಹಿಂದೆ 8 ಗೇರು, ಬೆರಳಲ್ಲಿ ಒತ್ತುವ ಶಿಫ್ಟರು, ವಿ-ಬ್ರೇಕು. ಅರ್ಧ ದಾರಿ ಆಗುವಷ್ಟರಲ್ಲಿ ಕಿರುಬೆರಳು ಉಂಗುರಬೆರಳು ಎರಡೂ ಜೋಮು ಹಿಡಿಯುತ್ತವೆ. ಅದರ ಮೇಲೆ ಮೇಖ್ರಿ ಸರ್ಕಲ್ ದಾಟಿದರೆ ಎದುರುಗಾಳಿ. ರೇಸ್ ಸೈಕಲ್ಲಿನ ಥರ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ನನಗೆ ಬೇಡ, ಅಷ್ಟು ಬಗ್ಗಿ ಓಡಿಸೋ ಸೊಂಟ ನನ್ನದಲ್ಲ. ಎತ್ತಿನ ಕೊಂಬಿನ ಥರ ಎರಡೂ ತುದಿ ಮುಂದಕ್ಕೆ ಚಾಚಿರೋ ಬುಲ್‌ಹಾರ್ನ್ ಚೆನ್ನಾಗಿ ಕಾಣುತ್ತೆ, ಕೈ ಇಡೋಕೆ ಜಾಗಾನೂ ಜಾಸ್ತಿ. ಆನ್‌ಲೈನಿನಲ್ಲಿ ನೋಡಿದರೆ ಹತ್ತಾರು ಥರ ಇದೆ: ಚಪ್ಪಟೆ ಇರೋದು, ಕೆಳಗೆ ಇಳಿದು ಮೇಲೆ ಏಳೋದು, 38, 40, 42 ಅಂತ ಅಗಲ. ಯಾವುದು ತಗೊಳ್ಳಲಿ? ಬರೀ ಹ್ಯಾಂಡಲ್ ತಂದು ಕೂರಿಸಿದರೆ ಸಾಕಲ್ವಾ?

ಫಿಕ್ಸಿಪ್ರಿಯ
ತಗೊಳ್ಳಿ ತಗೊಳ್ಳಿ, ಯೋಚನೆ ಮಾಡಬೇಡಿ. ಮೈಸೂರಲ್ಲಿ ನನ್ನ ಸಿಂಗಲ್ ಸ್ಪೀಡ್‌ಗೆ ಅದೇ ಇರೋದು. ಚಾಮುಂಡಿ ಬೆಟ್ಟ ಹತ್ತುವಾಗ ಸೀಟಿನಿಂದ ಎದ್ದು ಕೊಂಬು ಹಿಡಿದು ಎಳೆದರೆ ಆಹಾ. ನೇರ ಹ್ಯಾಂಡಲ್‌ನಲ್ಲಿ ಆ ಹಿಡಿತ ಸಿಗಲ್ಲ. 40 ಅಗಲದ್ದು, ಚಪ್ಪಟೆ. ಮುಗೀತು.

ಸ್ಪ್ಯಾನರ್‌ಸ್ವಾಮಿ
ಮುಗಿದಿಲ್ಲ ಮಾರಾಯ್ರೇ, ಈಗ ಶುರು. ನಿಮ್ಮದು ಸಿಂಗಲ್ ಸ್ಪೀಡು, ಶಿಫ್ಟರ್ ತಲೆನೋವಿಲ್ಲ. ಇವರದು 24 ಗೇರು, ಮೇಲೆ ವಿ-ಬ್ರೇಕು. ಹ್ಯಾಂಡಲ್ ಆಮೇಲೆ ನೋಡೋಣ, ಮೊದಲು ಬ್ರೇಕು ಮತ್ತು ಗೇರಿನ ಕಥೆ ಕೇಳಿ.

ನೇರ ಹ್ಯಾಂಡಲ್‌ನ ಕೊಳವೆ ಕೈ ಹಿಡಿಯೋ ಜಾಗದಲ್ಲಿ 22.2 ಮಿ.ಮೀ. ದಪ್ಪ. ಡ್ರಾಪ್ ಮತ್ತು ಬಹುತೇಕ ಬುಲ್‌ಹಾರ್ನ್ 23.8 ಮಿ.ಮೀ. ಒಂದೂವರೆ ಮಿಲಿಮೀಟರ್ ತಾನೇ ಅನಿಸುತ್ತೆ, ಆದರೆ ನಿಮ್ಮ ಈಗಿನ ಬ್ರೇಕ್ ಲಿವರ್ರೂ ಶಿಫ್ಟರ್ರೂ ಅದರ ಮೇಲೆ ಕೂರಲ್ಲ. ಕೆಲವರು ಕ್ಲ್ಯಾಂಪನ್ನು ಅರ ಹಾಕಿ ಉಜ್ಜಿ ಕೂರಿಸುತ್ತಾರೆ. ಬ್ರೇಕ್ ಹಿಡಿಯೋ ಭಾಗವನ್ನು ಉಜ್ಜಿ ತೆಳ್ಳಗೆ ಮಾಡೋ ಧೈರ್ಯ ನನಗಿಲ್ಲ. 22.2 ಕೊಳವೆಯಲ್ಲೇ ಮಾಡಿದ ಬುಲ್‌ಹಾರ್ನ್ ಕೂಡ ಹುಡುಕಿದರೆ ಸಿಗುತ್ತೆ, ಅದರಲ್ಲಿ ಎಲ್ಲ ಕೂರುತ್ತೆ. ಆಗ ಬೇರೆ ಸಮಸ್ಯೆ: ಲಿವರ್ ಮಧ್ಯದ ನೇರ ಭಾಗದಲ್ಲಿ, ನಿಮ್ಮ ಕೈ ಕೊಂಬಿನ ತುದಿಯಲ್ಲಿ. ಅಡ್ಡ ಬಂದ ಆಟೋಗೆ ಬ್ರೇಕ್ ಹಾಕೋಕೆ ಕೈಯನ್ನು ಒಂದು ಗೇಣು ಹಿಂದಕ್ಕೆ ತರಬೇಕು. ಬೆಂಗಳೂರಲ್ಲಿ ಇದು ಬೇಕಾ?

ಹಾಗಾಗಿ ಸರಿಯಾದ ದಾರಿ ಅಂದರೆ ಕೊಂಬಿನ ತುದಿಯ ತೂತಿನೊಳಗೆ ಸಿಕ್ಕಿಸೋ ಲಿವರ್. ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋ ರೇಸ್) ಸೈಕಲ್‌ಗಳಲ್ಲಿ ಇರುತ್ತಲ್ಲ, ಅದು. ಇಲ್ಲಾಂದರೆ ಡ್ರಾಪ್ ಹ್ಯಾಂಡಲ್‌ನ ಲಿವರನ್ನೇ ಕೊಂಬಿನ ಮೇಲೆ ಕೂರಿಸಬಹುದು. ಈಗ ಮುಖ್ಯ ವಿಷಯ. ತುದಿಗೆ ಹಾಕೋ ಲಿವರ್‌ಗಳು ಬಹುತೇಕ ಎಲ್ಲವೂ ಶಾರ್ಟ್ ಪುಲ್. ಅಂದರೆ ಒತ್ತಿದಾಗ ಕೇಬಲ್ಲನ್ನು ಸ್ವಲ್ಪವೇ ಎಳೆಯುತ್ತವೆ. ರೋಡ್ ಸೈಕಲ್ಲಿನ ಕ್ಯಾಲಿಪರ್ ಬ್ರೇಕಿಗೆ ಅಷ್ಟು ಸಾಕು. ವಿ-ಬ್ರೇಕಿಗೆ ಅದರ ದುಪ್ಪಟ್ಟು ಹತ್ತಿರ ಎಳೆತ ಬೇಕು. ಎರಡನ್ನೂ ಜೋಡಿಸಿದರೆ ಪ್ಯಾಡನ್ನು ರಿಮ್ಮಿಗೆ ಅಂಟಿಸಿದ ಹಾಗೆ ಇಡಬೇಕು, ಚಕ್ರ ಒಂಚೂರು ವಾಲಿದರೂ ಉಜ್ಜುತ್ತೆ, ಪ್ಯಾಡ್ ಸವೆದ ದಿನ ಲಿವರ್ ಹ್ಯಾಂಡಲ್ಲಿಗೆ ತಾಗಿ ನಿಲ್ಲುತ್ತೆ, ಗಾಡಿ ನಿಲ್ಲಲ್ಲ.

ಬೆಳಗಿನಸವಾರ
ಅಯ್ಯೋ. ಬ್ರೇಕ್ ಒಳಗೆ ಇಷ್ಟೆಲ್ಲ ಇದೆಯಾ? ಹಾಗಾದರೆ ಪರಿಹಾರ ಇಲ್ವಾ?

ಸ್ಪ್ಯಾನರ್‌ಸ್ವಾಮಿ
ಇದೆ, ದುಡ್ಡು ಇದ್ದರೆ. ತೋಳು ಗಿಡ್ಡ ಇರುವ ಮಿನಿ ವಿ-ಬ್ರೇಕ್ ಬರುತ್ತೆ, ಶಾರ್ಟ್ ಪುಲ್ ಲಿವರಿಗೆ ಹೊಂದುತ್ತೆ. ಆದರೆ ದಪ್ಪ ಟೈರು ಮತ್ತು ಮಡ್‌ಗಾರ್ಡಿಗೆ ಜಾಗ ಸಾಲಲ್ಲ. ಮಧ್ಯೆ ಒಂದು ರಾಟೆ ಹಾಕಿ ಎಳೆತ ಹೆಚ್ಚಿಸೋ ಪುಟ್ಟ ಸಾಮಾನೂ ಇದೆ. ಅಥವಾ ಟೆಕ್ಟ್ರೋ ಆರ್‌ಎಲ್520 ಥರದ್ದು, ಡ್ರಾಪ್ ಹ್ಯಾಂಡಲ್ ಆಕಾರದ ಲಾಂಗ್ ಪುಲ್ ಲಿವರ್. ಅದನ್ನು ಕೊಂಬಿನ ಮೇಲೆ ಕೂರಿಸಿದರೆ ನಿಮ್ಮ ಈಗಿನ ವಿ-ಬ್ರೇಕೇ ನಡೆಯುತ್ತೆ. ನನ್ನ ಮತ ಇದಕ್ಕೆ.

ಆಮೇಲೆ ಶಿಫ್ಟರ್. 23.8ರ ಮೇಲೆ ಈಗಿನದು ಕೂರಲ್ಲ ಅಂದೆನಲ್ಲ. ಕೊಂಬಿನ ತುದಿಗೆ ಹಾಕೋ ಬಾರ್-ಎಂಡ್ ಶಿಫ್ಟರ್ ಇದೆ, ಆದರೆ ತುದಿಯ ತೂತು ಒಂದೇ, ಅಲ್ಲಿ ಶಿಫ್ಟರ್ ಹಾಕಿದರೆ ತುದಿಯ ಬ್ರೇಕ್ ಲಿವರ್ ಕೂರಿಸೋಕಾಗಲ್ಲ. ಸ್ಟೆಮ್ (ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸೋ ತುಂಡು) ಪಕ್ಕ ಕೂರೋ ಶಿಫ್ಟರ್ ಇನ್ನೊಂದು ದಾರಿ. ಎಲ್ಲ ಕೂಡಿಸಿ ನೋಡಿ: ಲಿವರ್, ಶಿಫ್ಟರ್, ಹೊಸ ಕೇಬಲ್ಲು, ಔಟರು (ಕೇಬಲ್ಲಿನ ಹೊರಕವಚ), ಟೇಪು. ಹ್ಯಾಂಡಲ್ ಇದರಲ್ಲಿ ಅಗ್ಗದ ಐಟಮ್ಮು.

ಕಾವೇರಿಕಿನಾರೆ
ನಾನು ಬೇರೆ ಕಡೆಯಿಂದ ಬರುತ್ತೇನೆ. ಜೋಮು ಹಿಡಿಯೋದಕ್ಕೆ ಹ್ಯಾಂಡಲ್ ಬದಲಿಸೋದು ಮೊದಲ ಮದ್ದಲ್ಲ. ಕಿರುಬೆರಳು ಮತ್ತು ಉಂಗುರಬೆರಳಿನ ಸಂವೇದನೆಗೆ ಹೋಗೋ ನರ, ಅಲ್ನಾರ್ ಅಂತಾರೆ, ಅಂಗೈಯ ಹೊರ ಅಂಚಿನಲ್ಲಿ ಹಾದು ಹೋಗುತ್ತೆ. ನೇರ ಹ್ಯಾಂಡಲ್‌ನಲ್ಲಿ ಮಣಿಕಟ್ಟು ಬಾಗಿ ಮೈಭಾರ ಸರಿಯಾಗಿ ಅಲ್ಲೇ ಕೂರುತ್ತೆ. ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ. ಬಾಗಿದ್ದರೆ ನೀವು ಉದ್ದಕ್ಕೂ ಮುಂದಕ್ಕೆ ಜಾರುತ್ತಾ ಕೈಯಲ್ಲಿ ತಡೆದುಕೊಳ್ಳುತ್ತಾ ಹೋಗ್ತಿದ್ದೀರಿ ಅಂತ ಅರ್ಥ. ಅದನ್ನು ಮಟ್ಟಕ್ಕೆ ತನ್ನಿ, ಖರ್ಚು ಸೊನ್ನೆ, ಒಂದು ಅಲೆನ್ ಕೀ ಸಾಕು.

ಎರಡನೇದು, ಬಾರ್ ಎಂಡ್. ನೇರ ಹ್ಯಾಂಡಲ್‌ನ ಎರಡೂ ತುದಿಗೆ ಹಾಕೋ ಗಿಡ್ಡ ಕೊಂಬು. 22.2ಕ್ಕೇ ಮಾಡಿದ್ದು, ನಿಮ್ಮ ಲಿವರು, ಶಿಫ್ಟರು ಯಾವುದನ್ನೂ ಮುಟ್ಟಬೇಕಿಲ್ಲ. ಗ್ರಿಪ್ಪನ್ನು ಸ್ವಲ್ಪ ಒಳಗೆ ಸರಿಸಿ ಸಿಕ್ಕಿಸಿದರೆ ಆಯ್ತು. ಹಸ್ತಲಾಘವಕ್ಕೆ ಕೈ ಚಾಚಿದ ಹಾಗೆ ಮಣಿಕಟ್ಟು ನೇರವಾಗಿ ನಿಲ್ಲುತ್ತೆ, ಬುಲ್‌ಹಾರ್ನ್‌ನಲ್ಲಿ ಸಿಗೋ ಸುಖದ ಮುಕ್ಕಾಲು ಪಾಲು ಇದೇ ತಾನೇ? ಅದನ್ನು ಹಿಡಿದಾಗ ಬ್ರೇಕ್ ಕೈಗೆ ಸಿಗಲ್ಲ, ಅದು ನಿಜ. ಖಾಲಿ ರಸ್ತೆಯಲ್ಲಿ, ಏರಿನಲ್ಲಿ ಹಿಡೀರಿ. ಸಿಗ್ನಲ್ ಹತ್ತಿರ ಬಂದಾಗ ಗ್ರಿಪ್ಪಿಗೆ ಬನ್ನಿ. ಇದರ ಜೊತೆ ಅಂಗೈಗೆ ಆಸರೆ ಕೊಡೋ ಅಗಲವಾದ ಗ್ರಿಪ್ ಹಾಕಿಸಿ.

ಫಿಕ್ಸಿಪ್ರಿಯ
ಬಾರ್ ಎಂಡಾ? 1990ರ ಮೌಂಟನ್ ಬೈಕ್ ಥರ ಕಾಣುತ್ತೆ 😄

ಕಾವೇರಿಕಿನಾರೆ
ಕಾಣಲಿ ಬಿಡಿ. ಬೆರಳಿಗೆ ಫ್ಯಾಷನ್ ಗೊತ್ತಿಲ್ಲ.

ಗುಮ್ಮಟದೂರು
ವಿಜಯಪುರದಿಂದ. ನಮ್ಮ ಕಡೆ ಸೈಕಲ್ ರೇಸ್ ಅಂದರ ಊಟಕ್ಕಿಂತ ಜಾಸ್ತಿ, ಗೊತ್ತಿರಬೇಕು ನಿಮಗೆ. ಬಾಗಲಕೋಟೆ, ಜಮಖಂಡಿ, ವಿಜಯಪುರ, ಈ ಪಟ್ಟಿಯೊಳಗ ಹುಡುಗರು ಹುಡುಗಿಯರು ಟೈಮ್ ಟ್ರಯಲ್ ಓಡಿಸಿಯೇ ಬೆಳೀತಾರೆ. ಅಲ್ಲಿ ಬುಲ್‌ಹಾರ್ನ್ ಇರೋದು ಬ್ಯಾರೆ ಕಾರಣಕ್ಕೆ ನೋಡ್ರಿ. ಟೈಮ್ ಟ್ರಯಲ್ ಸೈಕಲ್‌ನಲ್ಲಿ ಮುಂದೆ ಎರಡು ಕೋಲು ಇರುತ್ತವಲ್ಲ, ಮೊಣಕೈ ಊರಿ ಹಿಡಿಯೋದು, ಅದರ ಕೆಳಗಿರೋ ಬೇಸ್ ಬಾರ್ ಅಂದರೆ ಬುಲ್‌ಹಾರ್ನೇ. ಹೊರಡುವಾಗ, ತಿರುವಿನಲ್ಲಿ, ಏರಿನಲ್ಲಿ ಅದನ್ನು ಹಿಡೀತಾರೆ. ಅದಕ್ಕೇ ಬ್ರೇಕು ಅದರ ತುದಿಯಲ್ಲಿ. ಗುಂಪಾಗಿ ಹೊರಡುವ ರೋಡ್ ರೇಸಿಗೆ ಇದು ನಡೆಯೋದಿಲ್ಲ, ಅಲ್ಲಿ ಡ್ರಾಪ್ ಹ್ಯಾಂಡಲ್ಲೇ. ಪಕ್ಕದವನ ಪಕ್ಕೆಲುಬಿಗೆ ಕೊಂಬು ಚುಚ್ಚಿದರೆ ಯಾರಿಗೆ ಬೇಕು?

ಹಳೇ ಕಥೆ ಬೇಕಂದರೆ: 1984ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯ ದಾಖಲೆ (ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ಓಡಿಸ್ತಾನೆ ಅನ್ನೋದು) ಮುರಿದದ್ದು ಇಂಥದೇ ಕೊಂಬಿನ ಹ್ಯಾಂಡಲ್ ಹಿಡಿದು. 19ನೇ ತಾರೀಕು 50.808 ಕಿ.ಮೀ., ನಾಲ್ಕು ದಿನ ಬಿಟ್ಟು 51.151 ಕಿ.ಮೀ. ಅದಕ್ಕೂ ಮೊದಲು ಎಡ್ಡಿ ಮರ್ಕ್ಸ್ 1972ರಲ್ಲಿ ಅದೇ ಊರಲ್ಲಿ ಸಾದಾ ಡ್ರಾಪ್ ಹ್ಯಾಂಡಲ್‌ನಲ್ಲಿ 49.431 ಮಾಡಿದ್ದ.

ಡಚ್‌ಗಾಳಿ
ಗುಮ್ಮಟದೂರು ಅವರೇ, ಮೋಸರ್‌ನ ಆ ಓಟದಲ್ಲಿ ಎರಡೂ ಕಡೆ ಡಿಸ್ಕ್ ಚಕ್ರ ಇದ್ದವು, ಅದನ್ನೂ ಹೇಳಿ. ಎಲ್ಲ ಶ್ರೇಯಸ್ಸೂ ಕೊಂಬಿಗೆ ಕೊಡಬೇಡಿ :) ಆಮೇಲೆ 2000ದಲ್ಲಿ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಆ ದಾಖಲೆಯನ್ನೇ ಬೇರೆ ಪಟ್ಟಿಗೆ ಸರಿಸಿತು. ಮರ್ಕ್ಸ್ ಓಡಿಸಿದಂಥ ಸೈಕಲ್ಲಿನಲ್ಲಿ ಓಡಿಸಿದರೆ ಮಾತ್ರ ಗಂಟೆಯ ದಾಖಲೆ ಅಂತ ನಿಯಮ ಮಾಡಿತು. 2014ರಲ್ಲಿ ಅದನ್ನೂ ಸಡಿಲಿಸಿದರು.

1989ರ ಟೂರ್ ಡಿ ಫ್ರಾನ್ಸ್ ನೆನಪಿದೆಯಾ? ಕೊನೇ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಲೊರಾಂ ಫಿನ್ಯೋಂ 50 ಸೆಕೆಂಡ್ ಮುಂದಿದ್ದ. ಅವನ ಕೈಯಲ್ಲಿ ಬುಲ್‌ಹಾರ್ನ್, ತಲೆಗೆ ಹೆಲ್ಮೆಟ್ ಇಲ್ಲ, ಕೂದಲು ಹಿಂದೆ ಜುಟ್ಟು. ಗ್ರೆಗ್ ಲೆಮಾಂಡ್ ಮೊಣಕೈ ಊರೋ ಟ್ರೈ ಬಾರ್ ಹಾಕಿಕೊಂಡು ಬಂದ. ಒಟ್ಟು ಟೂರನ್ನು 8 ಸೆಕೆಂಡಿನಲ್ಲಿ ಗೆದ್ದ. ಅಲ್ಲಿಂದ ಮುಂದೆ ಬರೀ ಬುಲ್‌ಹಾರ್ನ್ ಹಿಡಿದು ಟೈಮ್ ಟ್ರಯಲ್ ಓಡಿಸೋರು ಕಮ್ಮಿ ಆಗುತ್ತಾ ಹೋದರು.

ನಾನಿರೋದು ನೆದರ್‌ಲ್ಯಾಂಡ್ಸ್, ಇಲ್ಲಿ ಏರಿಲ್ಲ, ಗಾಳಿಯೇ ಏರು. ಗಾಳಿ ವಿಷಯದಲ್ಲಿ ಒಂದು ಮಾತು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಅದನ್ನು ಭೇದಿಸೋಕೆ ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ. ಗಂಟೆಗೆ 15 ಕಿ.ಮೀ. ಓಡುವ ಟ್ರಾಫಿಕ್ಕಿನಲ್ಲಿ ಹ್ಯಾಂಡಲ್ ಬದಲಿಸಿ ಉಳಿಸೋದು ಏನೂ ಇಲ್ಲ. 28-30ರ ಮೇಲೆ, ಇಲ್ಲಾ ಜೋರು ಎದುರುಗಾಳಿಯಲ್ಲಿ ಗೊತ್ತಾಗುತ್ತೆ. ಅದೂ ಕೊಂಬಿನಿಂದಲ್ಲ, ತೋಳು ಒಳಗೆ ಬಂದು ಎದೆ ತಗ್ಗುವುದರಿಂದ. ನೆಟ್ಟಗೆ ಕೂತೇ ಕೊಂಬು ಹಿಡಿದರೆ ಗಾಳಿಗೇನು ಗೊತ್ತಾಗಬೇಕು?

ಸುಮ್ನೆಓದುಗ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೈಬೇಡಿ. ನಮ್ಮಪ್ಪನ ಹಳೇ ಅಟ್ಲಾಸ್ ಇದೆ, 28 ಇಂಚಿನ ಚಕ್ರ, ರಾಡ್ ಬ್ರೇಕು. ಅದಕ್ಕೆ ಬುಲ್‌ಹಾರ್ನ್ ಹಾಕಿದರೆ ಹೇಗಿರುತ್ತೆ?

ಸ್ಪ್ಯಾನರ್‌ಸ್ವಾಮಿ
ಬೇಡ. ಅದರಲ್ಲಿ ಹ್ಯಾಂಡಲ್ಲು ಸ್ಟೆಮ್ಮು ಒಂದೇ ತುಂಡು, ಬ್ರೇಕಿನ ಸರಳು ಹ್ಯಾಂಡಲ್ಲಿನ ಜೊತೆಗೇ ಬರೋದು. ಹ್ಯಾಂಡಲ್ ತೆಗೆದರೆ ಬ್ರೇಕ್ ಹೋಯ್ತು. ರಿಮ್ಮೂ ಬೇರೆ ಥರ, ರಾಡ್ ಬ್ರೇಕಿನ ಪ್ಯಾಡು ರಿಮ್ಮಿನ ಒಳಮೈಗೆ, ಕಡ್ಡಿಯ ಕಡೆಯಿಂದ ಒತ್ತುತ್ತೆ, ಅದಕ್ಕೆ ಕ್ಯಾಲಿಪರ್ ಹಾಕಿದರೆ ಪಕ್ಕದಲ್ಲಿ ಹಿಡಿಯೋಕೆ ಸರಿಯಾದ ಸಮತಟ್ಟು ಜಾಗವೇ ಇರಲ್ಲ. ಒರೆಸಿ, ಎಣ್ಣೆ ಬಿಟ್ಟು, ಹಾಗೇ ಓಡಿಸಿ. ಚೆಂದ ಇರುತ್ತೆ.

ಬೆಳಗಿನಸವಾರ
ಸೀಟು ನೋಡಿದೆ. ಮೂತಿ ನಿಜವಾಗಲೂ ಕೆಳಗಿತ್ತು! ಮಟ್ಟ ಮಾಡಿದ ಮೇಲೆ ಜೋಮು ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಕಾವೇರಿಕಿನಾರೆ ಅವರಿಗೆ ಥ್ಯಾಂಕ್ಸ್. ಹೈಬ್ರಿಡ್‌ಗೆ ಬಾರ್ ಎಂಡ್ ಹಾಕಿಸೋದು ಅಂತ ಗಟ್ಟಿ ಮಾಡಿದೆ.

ಆದರೆ ಬುಲ್‌ಹಾರ್ನ್ ಆಸೆ ಬಿಟ್ಟಿಲ್ಲ. ನಮ್ಮ ಭಾವ ಜರ್ಮನಿಯಲ್ಲಿ ಓದುತ್ತಿದ್ದಾಗ ತಗೊಂಡ ಹಳೇ ರೋಡ್ ಸೈಕಲ್ ಅಕ್ಕನ ಮನೆ ಮಹಡಿಯಲ್ಲಿ ಬಿದ್ದಿದೆ. ಸ್ಟೀಲ್ ಫ್ರೇಮು, ಡ್ರಾಪ್ ಹ್ಯಾಂಡಲ್ಲು, ಗೇರಿನ ಲಿವರ್ ಫ್ರೇಮಿನ ಕೆಳ ಕೊಳವೆ ಮೇಲೆ ಎರಡು ಕಿವಿ ಥರ ಇದೆ. ಬ್ರೇಕು ಕ್ಯಾಲಿಪರ್. "ನಿನಗೆ ಬೇಕಾದರೆ ತಗೊಂಡು ಹೋಗು, ಮಹಡಿ ಖಾಲಿ ಆಗಲಿ" ಅಂತ ಅಕ್ಕ ಹೇಳಿದಳು. ಇದಕ್ಕೆ ಆಗುತ್ತಾ?

ಸ್ಪ್ಯಾನರ್‌ಸ್ವಾಮಿ
ಇದನ್ನು ಮೊದಲೇ ಹೇಳಬಾರದಾ! ಬುಲ್‌ಹಾರ್ನ್‌ಗೆ ಇದಕ್ಕಿಂತ ಒಳ್ಳೇ ಗಾಡಿ ಇಲ್ಲ. ಶಿಫ್ಟರ್ ಫ್ರೇಮ್ ಮೇಲಿದೆ, ಅದರ ತಂಟೆಗೆ ಹೋಗೋದೇ ಬೇಡ. ಬ್ರೇಕು ಕ್ಯಾಲಿಪರ್, ಅಂದರೆ ಶಾರ್ಟ್ ಪುಲ್, ತುದಿಗೆ ಹಾಕೋ ಲಿವರ್ ಸಲೀಸಾಗಿ ಹೊಂದುತ್ತೆ. ರೋಡ್ ಫ್ರೇಮಿನ ಮೇಲಿನ ಕೊಳವೆ ಹೈಬ್ರಿಡ್‌ಗಿಂತ ಗಿಡ್ಡ. ಹೈಬ್ರಿಡ್ ಫ್ರೇಮನ್ನು ಅಗಲವಾದ ನೇರ ಹ್ಯಾಂಡಲ್‌ಗೆ ಅಂತ ಉದ್ದ ಮಾಡಿರುತ್ತಾರೆ, ಅದರ ಮೇಲೆ ಕೊಂಬು ಹಾಕಿದರೆ ಕೈ ಇನ್ನೂ ಹತ್ತು ಸೆಂಟಿಮೀಟರ್ ಮುಂದೆ ಹೋಗಿ ಗಾಳಿಪಟದ ಹಾಗೆ ಚಾಚಿಕೊಳ್ಳುತ್ತೀರಿ, ಗಿಡ್ಡ ಸ್ಟೆಮ್ ಹಾಕಿಸಲೇಬೇಕು. ಇಲ್ಲಿ ಆ ಗೋಳಿಲ್ಲ.

ಈಗ ಮೂರು ವಿಷಯ ನೋಡಿ ಹೇಳಿ. ಸ್ಟೆಮ್ಮಿನ ಮುಂಭಾಗ ನಾಲ್ಕು ಬೋಲ್ಟ್ ಬಿಚ್ಚಿ ಮುಚ್ಚಳ ತೆಗೆಯೋ ಥರ ಇದೆಯಾ, ಅಥವಾ ಒಂದೇ ಬೋಲ್ಟಾ? ಹ್ಯಾಂಡಲ್ ಸ್ಟೆಮ್ಮಿನೊಳಗೆ ಹಿಡಿಯೋ ಜಾಗದ ದಪ್ಪ ಎಷ್ಟು? ಹತ್ತಿರದ ಲೇತ್ ಅಂಗಡಿಯಲ್ಲಿ ವರ್ನಿಯರ್ ಇಟ್ಟು ಅಳೆಯಿರಿ, ಸ್ಕೇಲ್ ಬೇಡ, 25.4ಕ್ಕೂ 26.0ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಮೂರನೇದು, ಹಳೇ ಟೇಪ್ ಬಿಚ್ಚಿ ಕೆಳಗಿನ ಅಲ್ಯುಮಿನಿಯಂ ಹೇಗಿದೆ ನೋಡಿ.

ಫಿಕ್ಸಿಪ್ರಿಯ
ಅಳೆಯೋದು ಯಾಕೆ? ಇರೋ ಡ್ರಾಪ್ ಹ್ಯಾಂಡಲ್ಲನ್ನೇ ತಲೆಕೆಳಗೆ ತಿರುಗಿಸಿ, ಕೊಂಬಿನಷ್ಟು ಬಿಟ್ಟು ಉಳಿದದ್ದನ್ನು ಹ್ಯಾಕ್ಸಾದಲ್ಲಿ ಕೊಯ್ದು ಹಾಕಿ. ಎಲ್ಲಾ ಕಡೆ ಫಿಕ್ಸಿ ಹುಡುಗರು ಮಾಡೋದೇ ಇದು. ಖರ್ಚು ಒಂದು ಬ್ಲೇಡ್.

ಸ್ಪ್ಯಾನರ್‌ಸ್ವಾಮಿ
ಹ್ಯಾಂಡಲ್ ಒಳ್ಳೇ ಸ್ಥಿತಿಯಲ್ಲಿದ್ದರೆ ನನ್ನ ತಕರಾರಿಲ್ಲ. ಸಣ್ಣ ಹಲ್ಲಿನ ಬ್ಲೇಡು, ಇಂಚಿಗೆ 32 ಹಲ್ಲಿನದು ಹಾಕಿ. ಗೆರೆ ನೇರ ಬರಲಿ ಅಂತ ಟೇಪ್ ಸುತ್ತಿ ಗುರುತು ಮಾಡಿ, ಒಂದು ಕಡೆ ಕೊಯ್ದ ತುಂಡನ್ನೇ ಇನ್ನೊಂದು ಕಡೆಗೆ ಅಳತೆಯಾಗಿ ಹಿಡೀರಿ. ಒಳಗಂಚಿನ ಚೂಪನ್ನು ಅರದಲ್ಲಿ ತೆಗೀರಿ, ಇಲ್ಲದಿದ್ದರೆ ತುದಿ ಲಿವರಿನ ಪ್ಲಗ್ ಒಳಗೆ ಹೋಗಲ್ಲ. ತೂತು ತೆರೆದೇ ಬಿಟ್ಟು ಮಾತ್ರ ಓಡಿಸಬೇಡಿ. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಚುಚ್ಚಿದರೆ ಕಥೆ ಬೇರೆ. ಲಿವರ್ ಇಲ್ಲ ಅಂದರೆ ಪ್ಲಗ್ಗಾದರೂ ಇರಲಿ. ಕಾರ್ಬನ್ ಹ್ಯಾಂಡಲ್‌ಗೆ ಈ ಆಟ ಬೇಡವೇ ಬೇಡ.

ತಿರುಗಿಸಿ ಕೊಯ್ದಿದ್ದರ ಆಕಾರ ಮಾತ್ರ ಅಂಗಡಿಯ ಬುಲ್‌ಹಾರ್ನ್ ಥರ ಇರಲ್ಲ. ಕೊಂಬು ಗುಂಡಗೆ ಮೇಲೇಳುತ್ತೆ, ನೇರವಾಗಿ ಮುಂದೆ ಚಾಚೋ ಭಾಗ ಗಿಡ್ಡ. ಅಂಗೈ ಕೂರೋಕೆ ಜಾಗ ಸ್ವಲ್ಪ ಕಮ್ಮಿ.

ಬೆಳಗಿನಸವಾರ
ನೋಡಿಕೊಂಡು ಬಂದೆ. ಸ್ಟೆಮ್ಮಿಗೆ ಮುಂದೆ ಒಂದೇ ಬೋಲ್ಟು, ಮುಚ್ಚಳ ಇಲ್ಲ. ಕೆಳಗೆ ಫೋರ್ಕಿನ ಒಳಗೆ ಕೋಲಿನ ಥರ ಇಳಿದಿದೆ. ಲೇತ್ ಅಣ್ಣ ವರ್ನಿಯರ್‌ನಲ್ಲಿ 26 ಅಂದ. ಟೇಪ್ ಬಿಚ್ಚುವಾಗ ಕೆಳಗೆಲ್ಲ ಬಿಳೀ ಪುಡಿ ಉದುರಿತು. ಒರೆಸಿದ ಮೇಲೆ ಸ್ಟೆಮ್ ಪಕ್ಕದಲ್ಲೇ ಸಣ್ಣ ಸಣ್ಣ ಗುಳಿ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತೆ. ಬಲಗಡೆ ಒಂದು ಗೀರು, ಅರ್ಧ ಸುತ್ತು ಇದೆ.

ಸ್ಪ್ಯಾನರ್‌ಸ್ವಾಮಿ
ಗುಜರಿಗೆ ಹಾಕಿ. ಮಾತೇ ಇಲ್ಲ. ಬೆವರಿನ ಉಪ್ಪು ಟೇಪಿನ ಕೆಳಗೆ ಕೂತು ಅಲ್ಯುಮಿನಿಯಂ ತಿಂದಿದೆ, ಅದೂ ಅತೀ ಜಾಸ್ತಿ ಒತ್ತಡ ಬೀಳೋ ಜಾಗದಲ್ಲಿ. ಅಲ್ಯುಮಿನಿಯಂ ಬಾಗಿ ಸೂಚನೆ ಕೊಡುತ್ತೆ ಅಂತ ನಂಬಬೇಡಿ, ಸವೆದ ಹ್ಯಾಂಡಲ್ ಒಂದೇ ಏಟಿಗೆ ಮುರಿಯುತ್ತೆ. ಅರ್ಧ ಸುತ್ತಿನ ಗೀರು ಅಂದರೆ ಅದು ಬಿರುಕಿನ ಆರಂಭವೇ ಇರಬಹುದು. ಕೊಂಬು ಹಿಡಿದು ಎಳೆದಾಗ ಆ ಜಾಗಕ್ಕೆ ಡ್ರಾಪ್‌ಗಿಂತ ಜಾಸ್ತಿ ತಿರುಚು ಬೀಳುತ್ತೆ ಬೇರೆ.

ಫಿಕ್ಸಿಪ್ರಿಯ
ಸರಿ, ಗುಳಿ ಇದ್ದರೆ ನಾನೂ ಕೊಯ್ಯಲ್ಲ.

ಸ್ಪ್ಯಾನರ್‌ಸ್ವಾಮಿ
ಹೊಸದು ತರೋ ವಿಷಯಕ್ಕೆ ಬರೋಣ. ಈಗ ಮಾರುಕಟ್ಟೆಯಲ್ಲಿ ಸಿಗೋ ಬುಲ್‌ಹಾರ್ನ್‌ಗಳ ಮಧ್ಯಭಾಗ ಹೆಚ್ಚಾಗಿ 31.8, ಇಲ್ಲಾ 25.4. ಹಳೇ ಇಟಾಲಿಯನ್ ಅಳತೆಯ 26.0 ಸಿಗೋದು ಕಷ್ಟ. 25.4ರ ಹ್ಯಾಂಡಲ್ಲನ್ನು 26ರ ಸ್ಟೆಮ್ಮಿಗೆ ಹಾಕಿ ಬೋಲ್ಟ್ ಜೋರಾಗಿ ಬಿಗಿದರೆ ಆಯ್ತು ಅಂತ ಕೆಲವರು ಹೇಳುತ್ತಾರೆ. ಮೊದಲ ಹಂಪಿನಲ್ಲೇ ಹ್ಯಾಂಡಲ್ ತಿರುಗಿ ಕೊಂಬು ನೆಲ ನೋಡುತ್ತೆ.

ಒಂದು ಬೋಲ್ಟಿನ ಸ್ಟೆಮ್ಮಿನ ಇನ್ನೊಂದು ಕಷ್ಟ ಏನಂದ್ರೆ ಹ್ಯಾಂಡಲ್ಲನ್ನು ಒಂದು ತುದಿಯಿಂದ ತೂರಿಸಿ, ತಿರುಗಿಸುತ್ತಾ ತಿರುಗಿಸುತ್ತಾ ಮಧ್ಯಕ್ಕೆ ತರಬೇಕು. ಬುಲ್‌ಹಾರ್ನ್‌ನ ಮೂಲೆ ಚೂಪಾಗಿ ಬಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಬೋಲ್ಟನ್ನು ಉಲ್ಟಾ ಕಡೆಯಿಂದ ಹಾಕಿ, ಸೀಳಿನ ಮಧ್ಯೆ ಒಂದು ನಾಣ್ಯ ಇಟ್ಟು ತಿರುಗಿಸಿದರೆ ಬೋಲ್ಟು ನಾಣ್ಯವನ್ನು ಒತ್ತಿ ಸ್ಟೆಮ್ಮಿನ ಬಾಯಿ ಕೂದಲೆಳೆಯಷ್ಟು ತೆರೆಯುತ್ತೆ, ಹಳೇ ಮೆಕ್ಯಾನಿಕ್‌ಗಳ ಉಪಾಯ ಇದು. ಆದರೂ ಎಲ್ಲ ಹ್ಯಾಂಡಲ್ಲೂ ತೂರಲ್ಲ.

ಅದಕ್ಕೇ ನನ್ನ ಸಲಹೆ ಕ್ವಿಲ್ ಅಡಾಪ್ಟರ್. ಫೋರ್ಕಿನೊಳಗೆ ಇಳಿಯೋ ಭಾಗ 22.2 ಮಿ.ಮೀ., ಮೇಲ್ಭಾಗ 28.6. ಅದರ ಮೇಲೆ ಈಗಿನ ಯಾವ ಸ್ಟೆಮ್ ಬೇಕಾದರೂ ಕೂರುತ್ತೆ, ನಾಲ್ಕು ಬೋಲ್ಟಿನ ಮುಚ್ಚಳದ್ದು. 31.8ರ ಹ್ಯಾಂಡಲ್ ಆರಾಮಾಗಿ ತಗೊಳ್ಳಿ. ಉದ್ದ ಹೆಚ್ಚು ಕಮ್ಮಿ ಆದರೆ ಸ್ಟೆಮ್ ಮಾತ್ರ ಬದಲಿಸಿದರೆ ಆಯ್ತು. ಸ್ವಲ್ಪ ದಪ್ಪಗೆ ಕಾಣುತ್ತೆ, ಹಳೇ ಫ್ರೇಮಿನ ಮೇಲೆ ಅಷ್ಟು ಒಪ್ಪಲ್ಲ. ಅಂದಕ್ಕೇ ಬೇಕು ಅಂದರೆ ಜಪಾನಿನ ನಿಟ್ಟೊ ಕಂಪನಿಯ ಆರ್‌ಬಿ-021 ಥರದ್ದು ತರಿಸಬಹುದು, ಬೆಲೆ ಕೇಳಿ ಕೂತುಕೊಳ್ಳಿ.

ಹಳೇ ಸ್ಟೆಮ್ ತೆಗೆಯುವಾಗ: ಮೇಲಿನ ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ, ಮೂರ್ನಾಲ್ಕು ಸುತ್ತು ಸಡಿಲಿಸಿ ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಒಂದು ತಟ್ಟು ಕೊಡಿ. ಒಳಗಿನ ಬೆಣೆ ಬಿಟ್ಟುಕೊಳ್ಳುತ್ತೆ. ಅಡಾಪ್ಟರ್ ಹಾಕುವಾಗ ಗ್ರೀಸ್ ಸವರಿ. ಅದರ ಮೇಲೆ ಒಂದು ಗೆರೆ ಇರುತ್ತೆ, ಆ ಗೆರೆ ಹೊರಗೆ ಕಾಣುವಷ್ಟು ಎತ್ತರಿಸಬೇಡಿ. ಮುಚ್ಚಳದ ನಾಲ್ಕು ಬೋಲ್ಟನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುತ್ತಾ, ಸ್ವಲ್ಪ ಸ್ವಲ್ಪ ಬಿಗಿಯಿರಿ. ಸ್ಟೆಮ್ ಮೇಲೆ ಬರೆದಿರೋ ಬಿಗಿ ನೋಡಿ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು ಇರುತ್ತೆ. ಮೇಲೆ ಕೆಳಗೆ ಸಂದು ಒಂದೇ ಸಮ ಕಾಣಬೇಕು.

ಬೆಳಗಿನಸವಾರ
ಅಡಾಪ್ಟರ್ ಸರಿ. ಇನ್ನು ಅಗಲ ಮತ್ತು ಆಕಾರ. ಅದನ್ನೇ ಅಲ್ವಾ ನಾನು ಮೊದಲು ಕೇಳಿದ್ದು 😅

ಗುಮ್ಮಟದೂರು
ಹೆಗಲಿನ ಎರಡು ಮೂಳೆ ತುದಿ ಮಧ್ಯೆ ಎಷ್ಟಿದೆ ಅಳೀರಿ, ಅದರ ಹತ್ತಿರ ಇರಲಿ. ಗಂಡಸರಿಗೆ 40-42 ಹೆಚ್ಚಾಗಿ ಆಗುತ್ತೆ. ಟ್ರ್ಯಾಕಿನವರು ಇನ್ನೂ ಕಿರಿದು ಹಿಡೀತಾರೆ, ಅದನ್ನು ನೋಡಿ ಆಸೆ ಪಡಬೇಡ್ರಿ. ಅಲ್ಲಿ ಹಂಪ್ ಇಲ್ಲ, ಎಮ್ಮೆ ಇಲ್ಲ. ಹ್ಯಾಂಡಲ್ ಕಿರಿದಾದಷ್ಟು ನಿಧಾನ ಹೋಗುವಾಗ ಗಾಡಿ ಅತ್ತಿತ್ತ ಹರಿದಾಡುತ್ತೆ. ಈಗಿನ ನೇರ ಹ್ಯಾಂಡಲ್ 60 ಸೆಂಟಿಮೀಟರ್ ಇರಬಹುದು ನಿಮ್ಮದು, ಅದರಿಂದ 38ಕ್ಕೆ ಇಳಿದರೆ ಮೊದಲ ದಿನ ಗಾಬರಿ ಆಗುತ್ತೆ.

ಬಸ್ಸಿನ ಪಕ್ಕ ನುಗ್ಗೋದಕ್ಕೆ ಕಿರಿದಾದ್ದು ಒಳ್ಳೇದು ಅಂತ ಹೇಳೋರಿದ್ದಾರೆ. ನುಗ್ಗೋದೇ ಬೇಡ ಅಂತೀನಿ ನಾನು. ಕೊಂಬು ಮುಂದೆ ಚಾಚಿರುತ್ತಲ್ಲ, ಆಟೋ ಹಿಂದಿನ ಕಂಬಿಗೆ, ಬೈಕಿನ ಕನ್ನಡಿಗೆ ಸಿಕ್ಕಿಕೊಂಡರೆ ನೀವು ನೆಲದ ಮೇಲೆ.

ಕಾವೇರಿಕಿನಾರೆ
ಆಕಾರದ ಬಗ್ಗೆ: ಕೆಳಗೆ ಇಳಿಯೋ ಪರ್ಸೂಟ್ ಥರದ್ದರಲ್ಲಿ ಕೊಂಬು ಸ್ಟೆಮ್ಮಿಗಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ಕೂರುತ್ತೆ. ಸೊಂಟ ಒಪ್ಪಲ್ಲ ಅಂತ ನೀವೇ ಹೇಳಿದ್ದೀರಿ, ಹಾಗಾಗಿ ಚಪ್ಪಟೆ ಇರೋದೇ ತಗೊಳ್ಳಿ. ಕೂರಿಸುವಾಗ ತುದಿ ಒಂಚೂರು ಮೇಲಕ್ಕೆ ನೋಡಲಿ, ಹಂಪಿಗೆ ಹೊಡೆದಾಗ ಅಂಗೈ ಮುಂದಕ್ಕೆ ಜಾರಲ್ಲ. ತೀರಾ ಮೇಲೆ ಎತ್ತಿದರೆ ಮಣಿಕಟ್ಟು ಮತ್ತೆ ಬಾಗುತ್ತೆ, ಹಳೇ ಜೋಮು ವಾಪಸ್.

ಕೈ ಚಿಕ್ಕದಿದ್ದರೆ ತುದಿ ಲಿವರ್‌ನ ಉದ್ದ ನೋಡಿ ತಗೊಳ್ಳಿ. ನನಗೆ ಒಂದು ಜೊತೆ ಲಿವರ್‌ನಲ್ಲಿ ತುದಿ ಬೆರಳು ಮಾತ್ರ ಮುಟ್ಟುತ್ತಿತ್ತು. ಈ ಲಿವರ್‌ಗಳು ತಿರುಗೋ ಕೀಲು ಮುಂದಿನ ತುದಿಯಲ್ಲಿ ಇರುತ್ತೆ, ಹಿಂದಕ್ಕೆ ಬಂದಷ್ಟೂ ಬಲ ಜಾಸ್ತಿ. ಅಂಗೈ ಪೂರ್ತಿ ಮುಂದಿಟ್ಟು ಒಂದೇ ಬೆರಳಲ್ಲಿ ಎಳೆದರೆ ಬ್ರೇಕು ಸಾಲಲ್ಲ.

ಮತ್ತೆ ಬೆಲ್ಲು, ಲೈಟು, ಫೋನ್ ಸ್ಟ್ಯಾಂಡು ಎಲ್ಲಿಡೋದು ಅಂತ ಈಗಲೇ ಯೋಚಿಸಿ. ಮಧ್ಯದಲ್ಲಿ ದಪ್ಪ ಭಾಗ ಬಿಟ್ಟರೆ ನೇರ ಜಾಗ ಒಂದು ಅಂಗೈಯಷ್ಟೂ ಉಳಿಯಲ್ಲ. ರಬ್ಬರ್ ಬ್ಯಾಂಡಿನ ಬೆಲ್ ಬರುತ್ತೆ, ಯಾವ ದಪ್ಪಕ್ಕಾದರೂ ಕೂರುತ್ತೆ.

ಡಚ್‌ಗಾಳಿ
ಮಧ್ಯದಲ್ಲೂ ಬ್ರೇಕ್ ಬೇಕು ಅಂದರೆ ಇಂಟರಪ್ಟರ್ ಲಿವರ್ ಹಾಕಬಹುದು. ಕೇಬಲ್ ದಾರಿಯ ಮಧ್ಯೆ ಕೂರುತ್ತೆ, ತುದಿಯಿಂದಲೂ ಎಳೆಯಬಹುದು, ಮಧ್ಯದಿಂದಲೂ. ಟ್ರಾಫಿಕ್ಕಿಗೆ ತುಂಬಾ ಒಳ್ಳೇದು. ಕ್ಲ್ಯಾಂಪ್ ಅಳತೆ ಮಾತ್ರ ಹ್ಯಾಂಡಲ್ಲಿಗೆ ಹೊಂದಬೇಕು.

ಸ್ಪ್ಯಾನರ್‌ಸ್ವಾಮಿ
ಒಳ್ಳೇ ಮಾತು. ಆದರೆ ಮೊದಲು ತುದಿ ಲಿವರ್ ಹಾಕಿ ಓಡಿಸಿ ನೋಡಲಿ, ಆಮೇಲೆ ಬೇಕಾದರೆ ಸೇರಿಸೋಣ.

ಕೇಬಲ್ ವಿಷಯದಲ್ಲಿ ಒಂದು ಎಚ್ಚರಿಕೆ, ಇದನ್ನು ಮಾತ್ರ ಮರೀಬೇಡಿ. ಬ್ರೇಕಿನ ಔಟರು ಬೇರೆ, ಗೇರಿನ ಔಟರು ಬೇರೆ. ಬ್ರೇಕಿನದು 5 ಮಿ.ಮೀ., ಒಳಗೆ ತಂತಿ ಸ್ಪ್ರಿಂಗ್ ಥರ ಸುತ್ತಿರುತ್ತೆ. ಗೇರಿನದು 4 ಮಿ.ಮೀ., ತಂತಿ ಉದ್ದುದ್ದ ಓಡುತ್ತೆ. ಗೇರಿನದನ್ನು ಬ್ರೇಕಿಗೆ ಹಾಕಿ ಜೋರಾಗಿ ಒತ್ತಿದರೆ ಔಟರ್ ಸೀಳಿ ತಂತಿಗಳು ಹೊರಗೆ ಬರುತ್ತವೆ, ಬ್ರೇಕ್ ಪೂರ್ತಿ ಹೋಗುತ್ತೆ. ಒಂದು ಅಂಗಡಿಯವರು ಸ್ಟಾಕ್ ಇಲ್ಲ ಅಂತ ನನ್ನ ಗೆಳೆಯನಿಗೆ ಹಾಗೇ ಹಾಕಿಕೊಟ್ಟಿದ್ದರು. ಪುಣ್ಯಕ್ಕೆ ಮನೆಗೆ ತರುವಾಗಲೇ ಕಣ್ಣಿಗೆ ಬಿತ್ತು.

ಕೇಬಲ್ ಕೊಂಬಿನ ಕೆಳಗಂಚಿಗೆ ಅಂಟಿಕೊಂಡು ಮೂಲೆ ಬಳಸಿ ಬರಲಿ, ಇನ್ಸುಲೇಷನ್ ಟೇಪ್‌ನಲ್ಲಿ ಮೂರು ಕಡೆ ಕಟ್ಟಿ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಎಳೆದುಕೊಳ್ಳಬಾರದು. ಆಮೇಲೆಯೇ ಬಾರ್ ಟೇಪು. ತುದಿಯಿಂದ ಶುರು ಮಾಡಿ ಸ್ಟೆಮ್ ಕಡೆಗೆ ಬನ್ನಿ. ಹಿಂದಿನ ಸುತ್ತಿನ ಅಂಚನ್ನು ಮುಂದಿನ ಸುತ್ತು ಮುಚ್ಚಬೇಕು. ಮೂಲೆಯಲ್ಲಿ ಹೊರಗಡೆ ಬಿರಿಯುತ್ತೆ, ಅಲ್ಲಿ ಸ್ವಲ್ಪ ಜಾಸ್ತಿ ಎಳೆದು ಹತ್ತಿರ ಹತ್ತಿರ ಸುತ್ತಿ.

ಕ್ಯಾಲಿಪರ್‌ಗೆ ಹೊಸ ಪ್ಯಾಡ್ ಕೂಡ ಹಾಕಿಸಿ. ಮಹಡಿ ಬಿಸಿಲಿಗೆ ಹಳೇ ರಬ್ಬರ್ ಕಲ್ಲಾಗಿರುತ್ತೆ.

ಬೆಳಗಿನಸವಾರ
ಪಟ್ಟಿ ಸಿದ್ಧ: ಅಡಾಪ್ಟರ್, 80 ಮಿ.ಮೀ. ಸ್ಟೆಮ್, 31.8ರ ಚಪ್ಪಟೆ ಬುಲ್‌ಹಾರ್ನ್ 42 ಅಗಲ, ತುದಿ ಲಿವರ್ ಜೊತೆ, ಟೇಪು, ಪ್ಯಾಡು, ಕೇಬಲ್ಲು. ಬಾರ್ ಎಂಡ್ ಹೈಬ್ರಿಡ್‌ಗೆ.

ಕೊನೇದಾಗಿ ಒಂದು ಅನುಮಾನ. ಭಾವನ ಸೈಕಲ್ಲಿನಲ್ಲಿ ಎಡಗೈ ಲಿವರ್ ಮುಂದಿನ ಬ್ರೇಕಿಗೆ ಇದೆ. ನನ್ನ ಹೈಬ್ರಿಡ್‌ನಲ್ಲಿ ಬಲಗೈ ಮುಂದಿನದು. ಜರ್ಮನಿಯವರ ಕ್ರಮವೇ ಇಡಲಾ?

ಸ್ಪ್ಯಾನರ್‌ಸ್ವಾಮಿ
ಬೇಡ, ಬದಲಿಸಿ. ಎರಡೂ ಸೈಕಲ್ಲಿನಲ್ಲಿ ಒಂದೇ ಥರ ಇರಲಿ. ನಾಯಿ ಅಡ್ಡ ಬಂದಾಗ ಕೈ ಯೋಚನೆ ಮಾಡಲ್ಲ, ಅಭ್ಯಾಸ ಇದ್ದ ಕಡೆ ಒತ್ತುತ್ತೆ. ಹಿಂದಿನದು ಅಂದುಕೊಂಡು ಮುಂದಿನದನ್ನು ಜೋರಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಹೇಗೂ ಕೇಬಲ್ ಹೊಸದು, ಈಗ ಬದಲಿಸೋಕೆ ಖರ್ಚಿಲ್ಲ. ಬಲಗಡೆಯಿಂದ ಮುಂದಿನ ಕ್ಯಾಲಿಪರ್‌ಗೆ ಹೋಗುವಾಗ ಔಟರ್ ಚೂಪಾಗಿ ಮಡಚದ ಹಾಗೆ ಸ್ವಲ್ಪ ಉದ್ದ ಬಿಡಿ, ಕೊಯ್ಯೋ ಮೊದಲು ಹಿಡಿದು ನೋಡಿ.

ಬೆಳಗಿನಸವಾರ
ಸರಿ, ಬಲಕ್ಕೇ ಮುಂದಿನದು. ಔಟರ್ 5 ಮಿ.ಮೀ.ದು ಅಂತ ಕೇಳಿಯೇ ತರ್ತೀನಿ, ಎಷ್ಟು ಮೀಟರ್ ಬೇಕಾಗಬಹುದು?

ಸ್ಪ್ಯಾನರ್‌ಸ್ವಾಮಿ
ಎರಡೂವರೆ ತನ್ನಿ, ಉಳಿದರೆ ಹೈಬ್ರಿಡ್‌ಗೆ ಆಗುತ್ತೆ. ಹಿಂದಿನ ಬ್ರೇಕಿನ ಇನ್ನರ್ ವೈರ್ ಮಾತ್ರ ಉದ್ದದ್ದೇ ಕೇಳಿ, ಕೊಂಬಿನ ತುದಿಯಿಂದ ಶುರುವಾಗೋದರಿಂದ ಗಿಡ್ಡದು ಸಾಲಲ್ಲ.